ಆಪ್ತ ಕಾರ್ಯದರ್ಶಿಯ ನಿಷ್ಠೆ: ಮಹಾದೇವ ದೇಸಾಯಿಯವರ ಬದುಕು

(ಶಾಲೆಯ ಶತಮಾನೋತ್ಸವದ ಅಂಗವಾಗಿ, ಗೋವೆಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಕುಂಡಯಿಯಲ್ಲಿ ಏರ್ಪಡಿಸಿದ್ದ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಶಾಲೆಗೆ ನೂರು ವರ್ಷ ತುಂಬಿದ ಸಂಭ್ರಮ ಊರಿನಲ್ಲಷ್ಟೇ ನಡೆದರೆ ಸಾಲದು, ಹೊಟ್ಟೆಪಾಡಿಗಾಗಿ ಘಟ್ಟ ಇಳಿದು ಬಂದ ಮಕ್ಕಳಿರುವಲ್ಲಿಗೂ ಅದು ಬರಬೇಕೆಂಬ ಆಸೆಯಿಂದ ಸಂಘಟಕರು ಈ ಸಭೆಯನ್ನು ಕುಂಡಯಿಯಲ್ಲಿ ಕರೆದಿದ್ದಾರೆ. ನವದುರ್ಗೆಯ ಸನ್ನಿಧಿ ಇರುವ ಈ ಊರಿನಲ್ಲಿ ಕೈಗಾರಿಕಾ ವಸಾಹತೂ ಇದೆ. ಅಲ್ಲಿಯ ಪಾಳಿ ಮುಗಿಸಿ ನೇರವಾಗಿ ಈ ಸಭೆಗೆ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ನಿಮ್ಮ ದಣಿವನ್ನು ಹೆಚ್ಚಿಸದೆ ಮಾತು ಮುಗಿಸುವುದು ನನ್ನ ಮೊದಲ ಕರ್ತವ್ಯ.

ಶತಮಾನೋತ್ಸವದಲ್ಲಿ ಸಾಮಾನ್ಯವಾಗಿ ದೊಡ್ಡ ಪದವಿಗೇರಿದವರ ವಿಷಯ ಮಾತನಾಡುವುದು ವಾಡಿಕೆ. ನಾನು ಆರಿಸಿಕೊಂಡಿರುವುದು ಅಂಥವರ ಪಕ್ಕದಲ್ಲಿ ಕುಳಿತು ಬರೆದುಕೊಂಡವರೊಬ್ಬರ ಬದುಕನ್ನು. ಅವರು ಮಹಾತ್ಮ ಗಾಂಧಿಯವರ ಆಪ್ತ ಕಾರ್ಯದರ್ಶಿಯಾಗಿದ್ದ ಮಹಾದೇವ ದೇಸಾಯಿ. ದೇಸಾಯಿ ಎಂದೊಡನೆ ನಮ್ಮ ಕಡೆಯ ವಾಡೆಗಳ ದೇಸಾಯರು ನಿಮಗೆ ನೆನಪಾಗಬಹುದು. ಇವರು ಗುಜರಾತಿನವರು. ಆದರೆ ಅವರ ಬದುಕಿನ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ಬೆಳಗಾವಿಯಲ್ಲಿ. ಇದೇ ಫೋಂಡಾ ರಸ್ತೆ ಹಿಡಿದು ಘಟ್ಟ ಹತ್ತಿದರೆ ಸಿಗುವ ಊರು ಅದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ವಿಷಯವನ್ನೇ ಆರಿಸಿಕೊಳ್ಳಲು ನನ್ನದೇ ಒಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುವುದು ಲೇಸು. ನಮ್ಮ ಶಾಲೆಯಿಂದ ಹೊರಬಿದ್ದು, ಬೆರಳಚ್ಚು ಕಲಿತು, ಗೋವೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಹಿರಿಯ ಅಧಿಕಾರಿಯೊಬ್ಬರ ಸಹಾಯಕನಾಗಿ ನಾನು ಸೇರಿದೆ. ಒಮ್ಮೆ ಯಂತ್ರಕ್ಕೆ ಕೈ ಸಿಕ್ಕಿ ಕಾರ್ಮಿಕನೊಬ್ಬನಿಗೆ ಗಾಯವಾಯಿತು. ಅವನು ನಮ್ಮ ಸೀಮೆಯವನೇ. ವಿಚಾರಣೆಯ ದಿನ, ಯಂತ್ರದ ರಕ್ಷಣಾ ಕವಚ ಮುರಿದಿದೆಯೆಂದು ತಾನು ಎಂಟು ದಿನ ಮೊದಲೇ ತಿಳಿಸಿದ್ದುದಾಗಿ ಅವನು ಹೇಳಿದ. ಅವನಿಗೆ ಬರುತ್ತಿದ್ದುದು ಕನ್ನಡವೊಂದೇ. ಅದನ್ನು ಇಂಗ್ಲಿಷಿಗೆ ತಿರುಗಿಸಿ ನಡಾವಳಿ ಬರೆಯುವ ಕೆಲಸ ನನ್ನದು. ಸಂಜೆ ಸಾಹೇಬರು ಕರಡನ್ನು ಓದಿ, ಆ ಒಂದು ವಾಕ್ಯದ ಮೇಲೆ ಬೆರಳಿಟ್ಟು, ಇದು ಬೇಡ ಎಂದರು. ನಾನು ತೆಗೆದುಬಿಟ್ಟೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ಕೇಳಿ ಬೆಳೆದವನು ನಾನು. ನಿಷ್ಠೆಯೆಂದರೆ ಅದೇ ಎಂದು ತಿಳಿದಿದ್ದೆ. ಆ ವಾಕ್ಯವಿಲ್ಲದ ಕಾರಣ ತಪ್ಪೆಲ್ಲವೂ ಕಾರ್ಮಿಕನದೇ ಎಂದು ತೀರ್ಮಾನವಾಯಿತು. ಹೊರಟುಹೋಗುವ ದಿನ ಅವನು ನನ್ನ ಮೇಜಿನ ಬಳಿ ನಿಂತು, "ನಾ ಹೇಳಿದ್ದು ನೀವು ಬರಕೊಂಡಿದ್ರಲ್ರೀ, ಸಾಹೇಬ್ರ?" ಎಂದು ಕೇಳಿದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬರೆದಿದ್ದೇನೆಂದೇ ಅವನು ನಂಬಿದ್ದ.

ಹಲವು ವರ್ಷಗಳ ಅನಂತರ ಮಹಾದೇವ ದೇಸಾಯಿಯವರ ವಿಷಯ ಓದತೊಡಗಿದಾಗ ಆ ಪ್ರಶ್ನೆ ಮತ್ತೆ ನನ್ನ ಮುಂದೆ ಬಂದು ನಿಂತಿತು.

ಕನ್ನಡ ನಾಡಿಗೆ ನಿಷ್ಠೆಯೆಂಬುದು ಹೊಸದಲ್ಲ. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಜೋಳವಾಳಿಯ ಮಾತು ನಮ್ಮ ಹಳೆಯ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಬರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬವನ್ನು ನಿಮ್ಮಲ್ಲಿ ಕೆಲವರು ಪ್ರವಾಸದಲ್ಲಿ ನೋಡಿರಬಹುದು. ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನೊಡನೆಯೇ ಪ್ರಾಣ ನೀಗಿದ ಕುವರ ಲಕ್ಷ್ಮನೆಂಬ ದಂಡನಾಯಕನ ಕಥೆಯನ್ನು ಆ ಕಂಬ ಹೇಳುತ್ತದೆ. ಅದನ್ನು ಓದಿದರೆ ಇಂದಿಗೂ ಮೈ ನವಿರೇಳುತ್ತದೆ. ಆದರೆ ಒಡೆಯನ ದೇಹಕ್ಕೆ ಸಲ್ಲುವ ನಿಷ್ಠೆ ಒಂದು, ಒಡೆಯನು ಹಿಡಿದ ಸತ್ಯಕ್ಕೆ ಸಲ್ಲುವ ನಿಷ್ಠೆ ಇನ್ನೊಂದು. ಇವೆರಡರ ಅಂತರವನ್ನು ನನಗೆ ತೋರಿಸಿದ್ದು ಮಹಾದೇವರ ಬದುಕು.

ಅವರು 1892ರ ಜನವರಿ 1ರಂದು ಸೂರತ್ ಜಿಲ್ಲೆಯ ಸರಸ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹರಿಭಾಯಿ ಶಾಲಾ ಶಿಕ್ಷಕರು. ಈ ಸಭೆಯಲ್ಲಿರುವ ಗುರುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ತಾಯಿ ಜಮನಾಬೆನ್ ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಮಹಾದೇವರ ಮೊದಲ ಅಕ್ಷರಗಳು ಹಳ್ಳಿಯ ಗುಜರಾತಿ ಶಾಲೆಗಳಲ್ಲಿ ಮೂಡಿದವು. ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಕಾನೂನು ಪದವಿಯನ್ನೂ ಪಡೆದರು. ಸರಕಾರದ ಭಾಷಾಂತರ ಕಚೇರಿಯಲ್ಲಿ ಕೆಲಕಾಲ ದುಡಿದು, ಆಮೇಲೆ ಸಹಕಾರಿ ಬ್ಯಾಂಕಿನಲ್ಲಿ ತಪಾಸಣಾಧಿಕಾರಿಯಾದರು. ಹಿತವಾದ ನೌಕರಿ, ಗೆಳೆಯ ನರಹರಿ ಪರೀಖರ ಸಹವಾಸ, ಸಾಹಿತ್ಯದ ಗೀಳು, ಪತ್ನಿ ದುರ್ಗಾಬೆನ್ ಅವರೊಡನೆ ನೆಮ್ಮದಿಯ ಸಂಸಾರ, ಇಷ್ಟೂ ಅವರಿಗಿದ್ದವು.

ಅಹಮದಾಬಾದಿನ ಆಶ್ರಮದಲ್ಲಿ ಗಾಂಧೀಜಿಯವರ ಪರಿಚಯವಾದದ್ದು 1915ರಲ್ಲಿ. ಎರಡು ವರ್ಷ ಇಬ್ಬರೂ ಪರಸ್ಪರರನ್ನು ನೋಡಿದರು, ತೂಗಿದರು. 1917ರ ಆಗಸ್ಟ್ ಕೊನೆಯಲ್ಲಿ ಗಾಂಧೀಜಿ, ತಾವು ಎರಡು ವರ್ಷಗಳಿಂದ ಅರಸುತ್ತಿದ್ದ ವ್ಯಕ್ತಿ ಸಿಕ್ಕನೆಂಬ ಅರ್ಥದ ಮಾತನ್ನು ಅವರಿಗೆ ಹೇಳಿದರು. ಆ ವರ್ಷದ ನವೆಂಬರಿನಲ್ಲಿ ಮಹಾದೇವರು ಬಂದು ಸೇರಿಕೊಂಡರು. ನವೆಂಬರ್ 13ರಿಂದ ದಿನಚರಿ ಬರೆಯತೊಡಗಿದರು. ಆ ದಿನಚರಿ ಮುಂದುವರಿದದ್ದು 1942ರ ಆಗಸ್ಟ್ 14ರವರೆಗೆ. ಮರುದಿನ ಅವರು ಇರಲಿಲ್ಲ.

ಈ ಇಪ್ಪತ್ತೈದು ವರ್ಷಗಳಲ್ಲಿ ಅವರು ಮಾಡಿದ ಕೆಲಸವಾದರೂ ಏನು? ಆಪ್ತ ಕಾರ್ಯದರ್ಶಿಯೆಂದರೆ ನಮ್ಮ ಜನಕ್ಕೆ ಒಂದು ಚಿತ್ರ ಕಣ್ಣಮುಂದೆ ಬರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ಮಂತ್ರಿಗಳ ಬಾಗಿಲಲ್ಲಿ ಕಾದು ನಿಂತವರೆಲ್ಲ ನೆನೆದವರೇ. ಮಹಾದೇವರ ಬಾಗಿಲು ಅಂಥದಾಗಿರಲಿಲ್ಲ. ನಸುಕಿನ ಪ್ರಾರ್ಥನೆಯಿಂದ ಅವರ ದಿನ ಮೊದಲಾಗುತ್ತಿತ್ತು. ಬಂದ ಪತ್ರಗಳನ್ನು ಓದುವುದು, ಉತ್ತರಗಳ ಕರಡು ಬರೆಯುವುದು, ಭೇಟಿಗೆ ಬಂದವರನ್ನು ಮಾತನಾಡಿಸುವುದು, ಗಾಂಧೀಜಿಯವರ ಭಾಷಣ ಸಂಭಾಷಣೆಗಳನ್ನು ಟಿಪ್ಪಣಿ ಮಾಡುವುದು, ಪತ್ರಿಕೆಗೆ ವಾರದ ಬರಹ ಒದಗಿಸುವುದು, ನೂಲುವುದು, ರಾತ್ರಿ ದಿನಚರಿ ತುಂಬುವುದು. ಇಷ್ಟನ್ನೂ ಮೂರನೆಯ ದರ್ಜೆಯ ರೈಲುಡಬ್ಬಿಯಲ್ಲಿ ಕುಳಿತೂ ಮಾಡಬೇಕಾಗುತ್ತಿತ್ತು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಗಾಂಧೀಜಿ ಲಂಡನ್ನಿಗೆ ಹೋದಾಗಲೂ ಅವರು ಜೊತೆಗಿದ್ದರು. ಗಾಂಧೀಜಿ ಸೇಗಾಂವದಲ್ಲಿ ನೆಲೆಸಿದ ಮೇಲೆ ಮಹಾದೇವರ ವಾಸ ವಾರ್ಧಾದಲ್ಲಿತ್ತು. ನಡುವಿನ ದಾರಿ ಸುಮಾರು ಐದು ಮೈಲಿ. ವಿದರ್ಭದ ಬಿಸಿಲಿನಲ್ಲಿ ಕಾಗದಗಳ ಚೀಲ ಹೊತ್ತು ಅವರು ಆ ದಾರಿಯನ್ನು ಹೋಗುವಾಗಲೂ ಬರುವಾಗಲೂ ನಡೆದರು. ದೇಹ ಅದಕ್ಕೆ ಬೆಲೆ ತೆತ್ತಿತು. 1938ರಲ್ಲಿ ಆರೋಗ್ಯ ಕುಸಿದು ವಿಶ್ರಾಂತಿ ಅನಿವಾರ್ಯವಾಯಿತು.

ಅವರು ಬರಿಯ ನೆರಳಾಗಿರಲಿಲ್ಲವೆಂಬುದಕ್ಕೆ ಒಂದು ನಿದರ್ಶನ. 1921ರಲ್ಲಿ ಗಾಂಧೀಜಿ ಅವರನ್ನು ಅಲಾಹಾಬಾದಿಗೆ, ಮೋತೀಲಾಲ ನೆಹರೂ ಅವರ 'ಇಂಡಿಪೆಂಡೆಂಟ್' ಪತ್ರಿಕೆಯ ನೆರವಿಗೆ ಕಳುಹಿಸಿದರು. ಸರಕಾರ ಆ ಪತ್ರಿಕೆಯ ಮುದ್ರಣವನ್ನು ತಡೆದಾಗ, ಮಹಾದೇವರು ಕೈಬರಹದ ಪ್ರತಿಗಳನ್ನು ಹೊರಡಿಸಿದರು. ಅದಕ್ಕಾಗಿ ಒಂದು ವರ್ಷದ ಸೆರೆವಾಸ ಅನುಭವಿಸಿದರು. ನಾಯಕನು ನೂರಾರು ಮೈಲಿ ದೂರವಿದ್ದಾಗಲೂ, ಏನು ಮಾಡಬೇಕೆಂದು ಯಾರನ್ನೂ ಕೇಳದೆ ತಿಳಿದುಕೊಳ್ಳಬಲ್ಲ ನಿಷ್ಠೆ ಅದು.

ಈಗ ಭಾಷೆಯ ಮಾತು. ಗಾಂಧೀಜಿ ತಮ್ಮ ಆತ್ಮಕಥೆಯನ್ನು ಬರೆದದ್ದು ಗುಜರಾತಿಯಲ್ಲಿ. ಅದನ್ನು ಇಂಗ್ಲಿಷಿಗೆ ತಂದವರು ಮಹಾದೇವರು. 1925ರ ಡಿಸೆಂಬರಿನಿಂದ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅದು ವಾರವಾರವೂ ಬಂದಿತು. 1927ರ ಬೇಸಗೆಯಲ್ಲಿ ಗಾಂಧೀಜಿ ಅನಾರೋಗ್ಯದಿಂದ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗಲೂ ಆ ಧಾರಾವಾಹಿ ನಿಂತಿರಲಿಲ್ಲ. ಅದೇ ವರ್ಷ ಮೊದಲ ಸಂಪುಟ, 1929ರಲ್ಲಿ ಎರಡನೆಯದು ಪುಸ್ತಕವಾಗಿ ಬಂದವು. ಇಂದು ಜಗತ್ತು ಆ ಕಥೆಯನ್ನು ಬಹುಮಟ್ಟಿಗೆ ಓದುತ್ತಿರುವುದು ಮಹಾದೇವರ ವಾಕ್ಯಗಳಲ್ಲಿ. ಕೊನೆಯ ಭಾಗದ ಕೆಲವು ಅಧ್ಯಾಯಗಳನ್ನು, ತಾವು ಬಾರ್ಡೋಲಿಯ ಕೆಲಸದಲ್ಲಿದ್ದಾಗ, ಗೆಳೆಯ ಪ್ಯಾರೇಲಾಲರು ಅನುವಾದಿಸಿದರೆಂದು ಅವರು ಮುನ್ನುಡಿಯಲ್ಲಿ ಅಧ್ಯಾಯಸಂಖ್ಯೆಗಳ ಸಮೇತ ಹೇಳಿದ್ದಾರೆ. ಮುಂದಿನ ಆವೃತ್ತಿಯ ಭಾಷೆಯನ್ನು ಪೂಜ್ಯ ಮಿತ್ರರೊಬ್ಬರು ತಿದ್ದಿಕೊಟ್ಟರು. ತಮ್ಮ ಹೆಸರು ಹೊರಬೀಳಕೂಡದೆಂಬುದು ಅವರ ಕರಾರಾಗಿತ್ತು. ಮಹಾದೇವರು ಆ ಕರಾರನ್ನು ಪಾಲಿಸಿದರು, ಆದರೆ ಉಪಕಾರವಾದುದನ್ನು ಮುಚ್ಚಿಡಲಿಲ್ಲ. ಆ ಮಿತ್ರರು ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳೆಂಬುದು ಲೋಕಕ್ಕೆ ತಿಳಿದದ್ದು ಅನಂತರ. ಯಾರ ಶ್ರಮವನ್ನೂ ನುಂಗಬಾರದೆಂಬ ಈ ಎಚ್ಚರ ಚಿಕ್ಕದಾಗಿ ಕಂಡರೂ ಅಪರೂಪದ್ದು.

ಪಾಲಕರಲ್ಲಿ ಒಂದು ಮಾತು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದರೆ ಹಿಂದೆ ಬಿದ್ದಾರೆಂಬ ಅಂಜಿಕೆ ಇಂದು ಮನೆಮನೆಯಲ್ಲಿದೆ. ಗೋವೆಯಲ್ಲಿ ಬದುಕುವ ನಮ್ಮ ಮಕ್ಕಳು ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವವರು. ಅವರಿಗೆ ಆ ಭಾಷೆಗಳೂ ಬೇಕು. ಆದರೆ ಮಹಾದೇವರ ಇಂಗ್ಲಿಷಿಗೆ ಬಲ ಬಂದದ್ದು ಗುಜರಾತಿಯ ಪ್ರತಿಯೊಂದು ಮಾತಿನ ತೂಕ ಅವರಿಗೆ ಮೊದಲೇ ತಿಳಿದಿದ್ದರಿಂದ. ಅವರು ರವೀಂದ್ರನಾಥ ಠಾಕೂರರ ಕೃತಿಯನ್ನೂ ಜವಾಹರಲಾಲ ನೆಹರೂ ಅವರ ಆತ್ಮಕಥೆಯನ್ನೂ ಗುಜರಾತಿಗೆ ತಂದವರು. ಮನೆಯ ಭಾಷೆಯಲ್ಲಿ ಒಂದು ಕಾಲನ್ನು ಗಟ್ಟಿಯಾಗಿ ಊರಿದವನಷ್ಟೇ ಇನ್ನೊಂದು ದಡಕ್ಕೆ ಧೈರ್ಯವಾಗಿ ಕಾಲು ಚಾಚಬಲ್ಲ. ನನ್ನ ಮೇಜಿನ ಬಳಿ ನಿಂತ ಆ ಕಾರ್ಮಿಕನ ಕನ್ನಡ ನನಗೆ ಪೂರ್ತಿಯಾಗಿ ಅರ್ಥವಾಗಿತ್ತು. ನಮ್ಮ ಶಾಲೆ ಅಷ್ಟು ಕಲಿಸಿತ್ತು. ಸೋತದ್ದು ಭಾಷೆಯಲ್ಲ, ನಾನು.

ಇನ್ನು ನಿಷ್ಠೆಯ ಕಠಿಣ ಪರೀಕ್ಷೆಗೆ ಬರೋಣ. 1938ರ ಮಾರ್ಚ್ ತಿಂಗಳು. ಒರಿಸ್ಸಾದ ದೇಲಾಂಗದಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ನಡೆದಿತ್ತು. ಪುರಿಯ ಜಗನ್ನಾಥ ದೇವಾಲಯ ಅಲ್ಲಿಗೆ ಸಮೀಪ. ಆ ದೇವಾಲಯಕ್ಕೆ ಹರಿಜನರಿಗೆ ಆಗ ಪ್ರವೇಶವಿರಲಿಲ್ಲ, ಆದ್ದರಿಂದ ಗಾಂಧೀಜಿ ಒಳಗೆ ಕಾಲಿಡುತ್ತಿರಲಿಲ್ಲ. ಆದರೆ ಕಸ್ತೂರಬಾ ಅವರೂ ಮಹಾದೇವರ ಪತ್ನಿ ದುರ್ಗಾಬೆನ್ ಅವರೂ ಒಳಗೆ ಹೋಗಿ ದರ್ಶನ ಪಡೆದು ಬಂದರು. ಗಾಂಧೀಜಿಗೆ ಅದು ತುಂಬ ನೋವುಂಟುಮಾಡಿತು. ರಕ್ತದೊತ್ತಡ ಏರಿತು. ಹೆಂಗಸರಿಗೆ ಈ ವಿಷಯವನ್ನು ಸರಿಯಾಗಿ ತಿಳಿಸಿ ಹೇಳದಿದ್ದುದು ಮಹಾದೇವರ ತಪ್ಪೆಂದು ಅವರು ಆಕ್ಷೇಪಿಸಿದರು.

ನಮ್ಮಂಥವರಾದರೆ ಏನು ಮಾಡುತ್ತಿದ್ದೆವು? ಎದುರಿಗೆ ತಲೆಯಾಡಿಸಿ, ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಿದ್ದೆವು. ಇಲ್ಲವೆ ಒಳಗೊಳಗೇ ಕುದಿಯುತ್ತಿದ್ದೆವು. ಮಹಾದೇವರು ಎರಡನ್ನೂ ಮಾಡಲಿಲ್ಲ. ಗಾಂಧೀಜಿಯವರ ಪ್ರತಿಕ್ರಿಯೆ ಅತಿಯಾಯಿತೆಂದು ಅವರಿಗೆ ಅನಿಸಿತ್ತು. ಅದನ್ನು ತಿಳಿಸಿ, ತಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಬೇಕೆಂದು ಪತ್ರ ಬರೆದರು. ಗಾಂಧೀಜಿ ಒಪ್ಪಲಿಲ್ಲ, ಮಹಾದೇವರೂ ಉಳಿದರು. ಅನಂತರ ಇಡೀ ಪ್ರಸಂಗವನ್ನು 'ಹರಿಜನ' ಪತ್ರಿಕೆಯಲ್ಲಿ ಮಹಾದೇವರೇ ಬರೆದರು. ತಮ್ಮ ಮನೆಯವರ ನಡೆ, ನಾಯಕನ ಕೋಪ, ತಮ್ಮ ಮನಸ್ಸಿನ ಹೊಯ್ದಾಟ, ಯಾವುದನ್ನೂ ಅವರು ಅಡಗಿಸಲಿಲ್ಲ. ತಮಗೆ ಅಹಿತವಾದ ವಾಕ್ಯವನ್ನು ಕರಡಿನಿಂದ ತೆಗೆದುಹಾಕುವ ಅವಕಾಶ ಅವರ ಕೈಯಲ್ಲಿಯೇ ಇತ್ತು. ತೆಗೆಯಲಿಲ್ಲ. ಗಾಂಧೀಜಿಯೂ ತೆಗೆಯಿರೆನ್ನಲಿಲ್ಲ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನಿಷ್ಠೆಯ ಬೆಲೆಯನ್ನೂ ಹೇಳದಿದ್ದರೆ ನಾನು ಮತ್ತೊಂದು ವಾಕ್ಯವನ್ನು ನುಂಗಿದಂತಾದೀತು. ಆ ದಿನಚರಿಗಳಲ್ಲಿ ಗಾಂಧೀಜಿ ತುಂಬಿದ್ದಾರೆ. ಬರೆದವರ ಮನೆಯ ಸುದ್ದಿ ಅಪರೂಪ. ಮಗ ನಾರಾಯಣ ಹುಟ್ಟಿದ್ದು 1924ರ ಡಿಸೆಂಬರ್ 24ರಂದು. ಎರಡು ದಿನ ಕಳೆದರೆ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ದೇಶದ ಕೆಲಸವೂ ಮನೆಯ ಕೆಲಸವೂ ಹೀಗೆ ಒಂದರ ಬೆನ್ನಿಗೊಂದು ಬಂದಾಗಲೆಲ್ಲ ಮನೆಯ ಭಾರ ದುರ್ಗಾಬೆನ್ ಅವರ ಹೆಗಲಿಗೆ ಬಿದ್ದಿತು. ಸೆರೆಮನೆಯ ವರ್ಷಗಳಲ್ಲಿ ಅದು ಇನ್ನೂ ಹೆಚ್ಚಿತು. ಮಹಾದೇವರನ್ನು ನೆನೆಯುವಾಗ ಆ ತಾಯಿಯನ್ನೂ ನೆನೆಯದಿದ್ದರೆ ಲೆಕ್ಕ ಸರಿಹೋಗುವುದಿಲ್ಲ.

ಈಗ ಬೆಳಗಾವಿಗೆ ಬರುತ್ತೇನೆ. 1933ರ ಆಗಸ್ಟಿನಲ್ಲಿ ಬಂಧಿತರಾದ ಮಹಾದೇವರನ್ನು ಸರಕಾರ ಗಾಂಧೀಜಿಯವರಿಂದ ಬೇರ್ಪಡಿಸಿ ಬೆಳಗಾವಿಯ ಸೆರೆಮನೆಗೆ ಕಳುಹಿಸಿತು. ಬರೆದುಕೊಳ್ಳಲು ಎದುರಿಗೆ ಗಾಂಧೀಜಿ ಇಲ್ಲ. ಪತ್ರಗಳಿಲ್ಲ, ಭೇಟಿಗೆ ಬರುವವರಿಲ್ಲ. ಆ ಏಕಾಂತದಲ್ಲಿ, 1933-34ರ ಅವಧಿಯಲ್ಲಿ, ಗಾಂಧೀಜಿ ಗುಜರಾತಿಯಲ್ಲಿ ಬರೆದಿದ್ದ ಗೀತೆಯ ಅನುವಾದವಾದ 'ಅನಾಸಕ್ತಿಯೋಗ'ವನ್ನು ಅವರು ಇಂಗ್ಲಿಷಿಗೆ ತಿರುಗಿಸಿದರು. ಅದಕ್ಕೆ ತಮ್ಮದೇ ಆದ ದೀರ್ಘ ಪ್ರಸ್ತಾವನೆಯನ್ನೂ ಟಿಪ್ಪಣಿಗಳನ್ನೂ ಸೇರಿಸಿದರು. ಪಕ್ಕದಲ್ಲಿ ಯಾರೂ ಇಲ್ಲದಾಗ ಅವರ ವಿದ್ವತ್ತು ಎಷ್ಟೆಂಬುದು ಆ ಪ್ರಸ್ತಾವನೆಯಲ್ಲಿ ಕಾಣುತ್ತದೆ. ಆದರೂ ಅದನ್ನು ಅವರು ಸ್ವತಂತ್ರ ಗ್ರಂಥವಾಗಿಸದೆ, ಗಾಂಧೀಜಿಯವರ ಕೃತಿಗೆ ತಮ್ಮ ವಿನಮ್ರ ಅರಿಕೆಯೆಂದು ಕರೆದರು. ಪುಸ್ತಕ ಅಚ್ಚಾದದ್ದು 1946ರಲ್ಲಿ, ಗಾಂಧೀಜಿಯವರ ಮುನ್ನುಡಿಯೊಡನೆ. ಬರೆದವರು ತೀರಿಹೋಗಿ ಆಗ ನಾಲ್ಕು ವರ್ಷವಾಗಿತ್ತು. ಫಲದ ಆಸೆಯಿಲ್ಲದೆ ಕೆಲಸ ಮಾಡೆಂದು ಹೇಳುವ ಗ್ರಂಥವನ್ನು ನಮ್ಮ ಬೆಳಗಾವಿಯಲ್ಲಿ ಕುಳಿತು ಅನುವಾದಿಸಿದವರು ಅದರ ಅಚ್ಚಾದ ಪ್ರತಿಯನ್ನು ಕೈಯಲ್ಲಿ ಹಿಡಿಯಲಿಲ್ಲ.

1942ರ ಆಗಸ್ಟ್ 9ರ ಬೆಳಗಿನ ಜಾವ ಮುಂಬಯಿಯಲ್ಲಿ ಗಾಂಧೀಜಿಯವರೊಡನೆ ಮಹಾದೇವರೂ ಬಂಧಿತರಾದರು. ಪುಣೆಯ ಆಗಾಖಾನ್ ಅರಮನೆಯೇ ಸೆರೆಮನೆಯಾಯಿತು. ಗಾಂಧೀಜಿ ಉಪವಾಸ ಕೈಗೊಂಡಾರೆಂಬ ಆತಂಕ ಅವರನ್ನು ಕಾಡುತ್ತಿತ್ತು. ಆರನೆಯ ದಿನ, ಆಗಸ್ಟ್ 15ರ ಬೆಳಿಗ್ಗೆ, ಹೃದಯಾಘಾತದಿಂದ ಅವರು ಕುಸಿದರು. ಗಾಂಧೀಜಿ ಬಂದು ಹೆಸರು ಹಿಡಿದು ಕರೆದರು. ತಮ್ಮ ಕರೆಗೆ ಎಂದೂ ಓಗೊಡದೆ ಇದ್ದವರಲ್ಲ, ಒಮ್ಮೆ ಕಣ್ತೆರೆದು ನೋಡಿದರೆ ಎದ್ದಾರೆಂಬ ನಂಬಿಕೆ ಅವರಿಗೆ. ಮಹಾದೇವರು ಕಣ್ತೆರೆಯಲಿಲ್ಲ. ಅವರಿಗೆ ಐವತ್ತು ವರ್ಷ, ಗಾಂಧೀಜಿಗೆ ಎಪ್ಪತ್ತೆರಡು. ತಂದೆಯ ವಯಸ್ಸಿನ ಆ ಹಿರಿಯರು ತಾವೇ ದೇಹಕ್ಕೆ ಸ್ನಾನ ಮಾಡಿಸಿ, ಆ ಅರಮನೆಯ ಆವರಣದಲ್ಲಿಯೇ ಚಿತೆಗೆ ಬೆಂಕಿಯಿಟ್ಟರು. ಪತ್ನಿಯಾಗಲಿ, ಹದಿನೇಳರ ಮಗನಾಗಲಿ ಅಲ್ಲಿರಲಿಲ್ಲ. ಸೆರೆಯಲ್ಲಿದ್ದಷ್ಟು ಕಾಲವೂ ಗಾಂಧೀಜಿ ಆ ಸಮಾಧಿಗೆ ಹೋಗಿ ಹೂ ಇಡುತ್ತಿದ್ದರು. 1944ರ ಫೆಬ್ರವರಿಯಲ್ಲಿ ತೀರಿಕೊಂಡ ಕಸ್ತೂರಬಾ ಅವರ ಸಮಾಧಿಯೂ ಅದರ ಪಕ್ಕದಲ್ಲಿಯೇ ಇದೆ. ಪುಣೆಗೆ ಹೋಗುವವರು ಅಲ್ಲಿ ಒಂದು ಗಳಿಗೆ ನಿಂತು ಬನ್ನಿ.

ಸ್ವಾತಂತ್ರ್ಯ ಬಂದದ್ದು ಅದಾಗಿ ಐದು ವರ್ಷಗಳಿಗೆ, ಅದೇ ಆಗಸ್ಟ್ 15ರಂದು. ದಿನಚರಿಗಳು ಆಮೇಲೆ ಸಂಪುಟ ಸಂಪುಟವಾಗಿ ಬೆಳಕು ಕಂಡವು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ತನ್ನ ಮೊದಲ ವರ್ಷದ ಗುಜರಾತಿ ಪ್ರಶಸ್ತಿಯನ್ನು ಅವಕ್ಕೆ ನೀಡಿತು. ಅದನ್ನು ಸ್ವೀಕರಿಸಲು ಬರೆದವರಿರಲಿಲ್ಲ. ಮಗ ನಾರಾಯಣ ದೇಸಾಯಿಯವರು ಮುಂದೆ ತಂದೆಯ ಜೀವನಚರಿತ್ರೆಯನ್ನು ಬರೆದು, ಅದೇ ಅಕಾದೆಮಿಯ ಪ್ರಶಸ್ತಿಗೆ ಪಾತ್ರರಾದರು.

ಬಂಧುಗಳೇ, ನಮ್ಮ ಶಾಲೆಯಿಂದ ಹೊರಬಂದವರಲ್ಲಿ ನಾಯಕರಾದವರು ಕೆಲವರು. ನಾಯಕರ ಪಕ್ಕದಲ್ಲಿ ಕುಳಿತು ಬರೆಯುವವರು, ಲೆಕ್ಕ ಇಡುವವರು, ಪಾಳಿಯ ಹಾಜರಿ ತೆಗೆಯುವವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು. ಈ ಸಭೆಯಲ್ಲಿಯೇ ಎಷ್ಟೋ ಮಂದಿ ಇದ್ದೀರಿ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದು ನಿಮ್ಮ ಕೈಯ ಮೂಲಕ. ಆ ಮಾತು ಕೆಡದಂತೆ ದಾಟಿಸಿದರೆ ಮೇಲಿನವರಿಗೂ ಕೆಳಗಿನವರಿಗೂ ನಿಷ್ಠರಾದಂತೆಯೇ. ಸಾಹೇಬರು ಬೇಡವೆಂದ ವಾಕ್ಯವನ್ನು, ಇದು ಆಡಿದ ಮಾತು, ಇರಬೇಕು ಎಂದು ವಿನಯದಿಂದ ಹೇಳಬಲ್ಲವನೇ ಅವರ ನಿಜವಾದ ಹಿತೈಷಿ. ಇದನ್ನು ನಾನು ಅಂದು ತಿಳಿದಿದ್ದರೆ ಒಬ್ಬ ಮನುಷ್ಯ ಬರಿಗೈಯಲ್ಲಿ ಊರಿಗೆ ಮರಳುತ್ತಿರಲಿಲ್ಲ.

ಆ ನಡಾವಳಿಯನ್ನು ಇನ್ನು ನಾನು ತಿದ್ದಲಾರೆ. ಆ ಮನುಷ್ಯ ಈಗ ಎಲ್ಲಿದ್ದಾನೆಂದು ಬಹಳ ಕಡೆ ವಿಚಾರಿಸಿ ಸೋತಿದ್ದೇನೆ. ಆದುದರಿಂದಲೇ ನನಗೆ ಸತ್ಯ ಬರೆಯಲು ಕಲಿಸಿದ ಗುರುಗಳ ಮುಂದೆ, ನನ್ನಂತೆಯೇ ಲೇಖನಿ ಹಿಡಿಯಲಿರುವ ಮಕ್ಕಳ ಮುಂದೆ ಅದನ್ನು ಇಂದು ಹೇಳಿದ್ದೇನೆ.

ಸ್ಮರಣ ಸಂಚಿಕೆಯ ಸಂಪಾದಕರಲ್ಲಿ ಒಂದು ವಿಜ್ಞಾಪನೆ. ಈ ಭಾಷಣ ಉದ್ದವಾಯಿತೆಂದು ಕಂಡರೆ ಎಲ್ಲಿ ಬೇಕಾದರೂ ಮೊಟಕುಗೊಳಿಸಿ. ಆ ಕಾರ್ಮಿಕ ನನ್ನನ್ನು ಕೇಳಿದ ಆ ಒಂದು ಮಾತನ್ನು ಮಾತ್ರ ತೆಗೆಯಬೇಡಿ.